ಇಳಿಜಾರಿನಲ್ಲಿ ಹೇರು ತುಂಬಿದ ಟ್ರೇಲರ್

ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಬೆಟ್ಟಗುಡ್ಡಗಳು ಹೆಚ್ಚು. ಕಡಲೆಕಾಯಿ, ಹುಣಸೆಹಣ್ಣು, ಗೊಬ್ಬರ, ಕಲ್ಲು ಎಲ್ಲವೂ ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೇ ಸಾಗುತ್ತವೆ. ಶಿರಾ ಕಡೆಯ ಬಯಲಿನಲ್ಲಿ ಕೈ ಪಳಗಿದ ಚಾಲಕನೂ ಗುಡ್ಡದ ಇಳಿಜಾರಿನಲ್ಲಿ ಹೇರು ಇಳಿಸುವಾಗ ಎಡವುವುದುಂಟು. ಏರು ಹತ್ತುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ಹೆಚ್ಚಿನ ಅಪಾಯವಿರುವುದು ಇಳಿಯುವಾಗ.

ಟ್ರ್ಯಾಕ್ಟರು ಮತ್ತು ಹೇರು ಸೇರಿ 5 ಟನ್ ತೂಕವಿದ್ದು, ಅದು 30 ಮೀಟರ್ ಎತ್ತರದಿಂದ ಕೆಳಗಿಳಿಯುವುದೆಂದು ಭಾವಿಸೋಣ. ಆ ಇಳಿತದಲ್ಲಿ ಹುಟ್ಟುವ ಶಕ್ತಿಯೆಲ್ಲ ಬ್ರೇಕಿಗೇ ಬಿದ್ದರೆ, ಸುಮಾರು ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟು ಶಾಖವಾಗುತ್ತದೆ. ಕಾಲು ತೆಗೆಯದೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಲೈನಿಂಗ್ ಕಾದು ಹಿಡಿತ ಬಿಡುತ್ತದೆ. ಹಳೆಯ ಟ್ರ್ಯಾಕ್ಟರುಗಳ ಒಣ ಬ್ರೇಕಿನಲ್ಲಿ ಇದು ಬೇಗ ಆಗುತ್ತದೆ; ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಹೆಚ್ಚು ತಾಳಿದರೂ ಅದಕ್ಕೂ ಮಿತಿಯಿದೆ.

ಎತ್ತಿನ ಗಾಡಿ ಇಳಿಯುವಾಗ ಎತ್ತುಗಳೇ ಹಿಂದಕ್ಕೆ ಒತ್ತಿ ನಿಂತು ಹೇರನ್ನು ತಡೆಯುತ್ತವೆ. ಟ್ರ್ಯಾಕ್ಟರಿನಲ್ಲಿ ಆ ಕೆಲಸ ಎಂಜಿನ್ನಿನದು. ಬೆಟ್ಟದ ರಸ್ತೆಯ ಲಾರಿ, ಬಸ್ಸುಗಳಲ್ಲಿ ಇದಕ್ಕಾಗಿಯೇ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಹೊಗೆ ಕೊಳವೆಯೊಳಗಿನ ಒಂದು ಬಿಲ್ಲೆ ಮುಚ್ಚಿಕೊಂಡಾಗ ಹೊರಹೋಗಬೇಕಾದ ಗಾಳಿ ತಡೆದು ನಿಲ್ಲುತ್ತದೆ. ಅದನ್ನು ತಳ್ಳಲು ಪಿಸ್ಟನ್ನುಗಳು ತಿಣುಕಬೇಕಾಗಿ ಬಂಡಿಯ ಓಟ ಕುಗ್ಗುತ್ತದೆ. ಹೊಲದ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಈ ಸಾಧನವಿಲ್ಲ. ಆದುದರಿಂದ ತಗ್ಗು ಗೇರೇ ಆಧಾರ.

ಯಾವ ಗೇರಿನಲ್ಲಿ ಆ ದಿಣ್ಣೆಯನ್ನು ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯುವುದು ಕ್ಷೇಮ. ಗೇರನ್ನು ಇಳಿಜಾರಿನ ತಲೆಯಲ್ಲಿಯೇ, ಬಂಡಿಯನ್ನು ನಿಲ್ಲಿಸಿ ಹಾಕಿಕೊಳ್ಳತಕ್ಕದ್ದು. ಅರ್ಧ ದಾರಿಯಲ್ಲಿ ಬದಲಾಯಿಸಹೋದರೆ ಹಳೆಯ ಗೇರು ಬಿಟ್ಟು ಹೊಸದು ಕೂಡುವುದರೊಳಗೆ ಹೇರು ಓಡಲಾರಂಭಿಸುತ್ತದೆ. ಕ್ಲಚ್ ಒತ್ತಿ ಹಿಡಿದರೂ ಇದೇ ಗತಿ.

ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ಕೆಲವರಲ್ಲಿದೆ. ಇದು ಲೆಕ್ಕಕ್ಕೂ ಸರಿಯಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಗವರ್ನರ್ ಡೀಸೆಲನ್ನು ಕಡಿತಗೊಳಿಸುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಉರಿಯುತ್ತಿರಲು ಡೀಸೆಲ್ ಬೇಕೇ ಬೇಕು. ಕೈ ಆಕ್ಸಿಲರೇಟರನ್ನೂ ಕೆಳಗಿಳಿಸಿರಬೇಕು.

ಉಳುಮೆಗಾಗಿ ಬಿಡಿಸಿದ್ದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗಿಳಿಯುವ ಮೊದಲು ಕೊಂಡಿಯಿಂದ ಜೋಡಿಸಲೇಬೇಕು. ಒಂದೇ ಪೆಡಲ್ ಒತ್ತಿದರೆ ಒಂದು ಚಕ್ರ ಮಾತ್ರ ಹಿಡಿದು ಟ್ರ್ಯಾಕ್ಟರು ಪಕ್ಕಕ್ಕೆಳೆಯುತ್ತದೆ. ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕಿ ಅದನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ತಿರುವಿನಲ್ಲಿ ಬ್ರೇಕ್ ಹಾಕುವುದಕ್ಕಿಂತ ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ವೇಗ ಎರಡು ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುವುದೆಂಬುದನ್ನು ಮರೆಯಬಾರದು. ತಗ್ಗು ಗೇರಿನಲ್ಲೂ ಎಂಜಿನ್ ಅಬ್ಬರಿಸತೊಡಗಿದರೆ ಬ್ರೇಕನ್ನು ಬಿಗಿಯಾಗಿ ಒತ್ತಿ ಓಟ ತಗ್ಗಿದ ಕೂಡಲೇ ಬಿಡುವುದು. ಹೀಗೆ ಬಿಟ್ಟು ಬಿಟ್ಟು ಒತ್ತಿದಲ್ಲಿ ಆರಲು ಅವಕಾಶವಾಗುತ್ತದೆ.

ಹೇರಿನ ಮೇಲೆ ಕೂಲಿಯಾಳುಗಳನ್ನು, ಮಡ್ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬರುವುದು ಹಳ್ಳಿಗಳಲ್ಲಿ ಸಾಮಾನ್ಯ ನೋಟ. ಬಂಡಿ ಮಗುಚಿದಾಗ ಚೀಲಗಳ ಕೆಳಗೆ ಸಿಲುಕುವವರು ಇವರೇ. ಇಳಿಜಾರು ಕಳೆಯುವ ತನಕವಾದರೂ ಇವರು ಇಳಿದು, ಬಂಡಿ ಮುಂದೆ ಹೋದ ಮೇಲೆ ನಡೆದು ಬರಲಿ. ಇಳಿಜಾರಿನಲ್ಲಿ ನಿಲ್ಲಿಸಲೇಬೇಕಾಗಿ ಬಂದರೆ ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಕೈಬ್ರೇಕ್ ಹಾಕಿ, ಟ್ರೇಲರಿನ ಎರಡೂ ಚಕ್ರಗಳ ಮುಂದೆ ದಪ್ಪ ಕಲ್ಲು ಕೊಡಬೇಕು.