ಹಿತ್ತಿಲ ಗಿಡದ ಮದ್ದು

ಹಿತ್ತಿಲ ಗಿಡ ಮದ್ದಲ್ಲ ಎಂಬುದು ಗಾದೆ. ಸುಲಭವಾಗಿ ಕೈಗೆ ಸಿಕ್ಕುವ ವಸ್ತುವಿಗೆ ಬೆಲೆಯಿಲ್ಲ ಎಂಬುದು ಅದರ ಇಂಗಿತ. ಪಟ್ಟಣದ ಅನೇಕ ಮನೆಗಳಿಗೆ ಈಗ ಹಿತ್ತಿಲೇ ಇಲ್ಲ. ಇನ್ನು ಮದ್ದಿನ ಗಿಡದ ಮಾತೇಕೆ ಎಂದು ತಾವು ಕೇಳಬಹುದು. ಎರಡು ಕುಂಡ, ನಲ್ಲಿಯ ಬಳಿ ಗೇಣಗಲ ಮಣ್ಣು, ಬೇಲಿಯ ಒಂದು ಮೂಲೆ, ಇಷ್ಟಿದ್ದರೆ ಸಾಕು.

ಕುಂಡಕ್ಕೆ ಒಪ್ಪುವುದು ದೊಡ್ಡಪತ್ರೆ. ಬೆರಳುದ್ದದ ಕಡ್ಡಿಯನ್ನು ಮರಳು ಬೆರೆಸಿದ ಮಣ್ಣಿನಲ್ಲಿ ಊರಿದರೆ ಎರಡು ವಾರದೊಳಗಾಗಿ ಬೇರು ಬಿಡುತ್ತದೆ. ನೀರು ಹೆಚ್ಚಾದರೆ ಕಾಂಡ ಕೊಳೆಯುವುದು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರೆರೆಯಬೇಕು. ಓಮದಲ್ಲಿರುವ ಥೈಮಾಲ್ ಎಂಬ ದ್ರವ್ಯ ಇದರ ಎಲೆಯ ತೈಲದಲ್ಲಿಯೂ ಉಂಟು. ನೆಗಡಿಯಾದಾಗ ಇದರ ತಂಬುಳಿ ಬಾಯಿಗೆ ರುಚಿ, ಗಂಟಲಿಗೆ ಹಿತ.

ನಲ್ಲಿಯ ಬಳಿಯ ತೇವಕ್ಕೆ ಒಂದೆಲಗ ತಕ್ಕುದು. ತುಳುನಾಡಿನಲ್ಲಿ ಇದು ತಿಮರೆ. ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ತಾನಾಗಿ ಹಬ್ಬುತ್ತದೆ. ಸೋಪಿನ ನೀರು ಹರಿಯುವಲ್ಲಿ ಮಾತ್ರ ನೆಡಬಾರದು. ನೆಲಕ್ಕಂಟಿ ಬೆಳೆಯುವ ಸೊಪ್ಪಾದುದರಿಂದ ಮೂರು ನಾಲ್ಕು ಬಾರಿ ತೊಳೆದು, ಜೀರಿಗೆ, ಮೆಣಸು, ತೆಂಗಿನ ತುರಿಯೊಡನೆ ಅರೆದು ಮಜ್ಜಿಗೆಗೆ ಕಲಸಬೇಕು. ನೆನಪಿನ ಶಕ್ತಿಗೆ ಒಳ್ಳೆಯದೆಂಬ ನಂಬಿಕೆ ಹಳೆಯದು. ಆದರೆ ಮಕ್ಕಳು ಓದುವುದನ್ನು ಬಿಡುವಂತಿಲ್ಲ!

ಬೇಲಿಗೆ ಆಡುಸೋಗೆ. ಕಹಿಯ ಕಾರಣ ದನಕರುಗಳು ಬಾಯಿ ಹಾಕುವುದು ಅಪರೂಪ. ಬಲಿತ ಕಡ್ಡಿಯನ್ನು ಮಳೆಗಾಲದ ಮೊದಲಲ್ಲಿ ನೆಟ್ಟರಾಯಿತು. ಕೆಮ್ಮಿಗೆ ಇದರ ಕಷಾಯ ಪ್ರಸಿದ್ಧ. ಎಲೆಯಲ್ಲಿರುವ ವಾಸಿಸಿನ್ ಎಂಬ ಸತ್ತ್ವದ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧ ರೂಪುಗೊಂಡಿತು. ಆದರೆ ಈ ಸತ್ತ್ವ ಗರ್ಭಕೋಶವನ್ನು ಕೆರಳಿಸಬಲ್ಲುದು. ಆದುದರಿಂದ ಗರ್ಭಿಣಿಯರಿಗೆ ಈ ಕಷಾಯ ಸಲ್ಲದು. ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಯಾರೇ ಆಗಲಿ ಕಷಾಯವನ್ನು ನೆಚ್ಚಿ ಕೂರದೆ ಕಫದ ಪರೀಕ್ಷೆ ಮಾಡಿಸಬೇಕು. ಕ್ಷಯವು ಎಷ್ಟೋ ಸಲ ಬರಿಯ ಕೆಮ್ಮಿನ ವೇಷದಲ್ಲಿಯೇ ಬರುತ್ತದೆ.

ಗಿಡದಿಂದ ಬಂದುದೆಲ್ಲ ನಿರಪಾಯವೆಂಬ ಭ್ರಮೆ ಬೇಡ. ಬಜೆಯನ್ನೇ ನೋಡಿ. ಮಾತು ಬೇಗ ಬರಲೆಂದು ಎಳೆಗೂಸಿಗೆ ಅದನ್ನು ತೇಯ್ದು ನೆಕ್ಕಿಸುವ ವಾಡಿಕೆ ಅನೇಕ ಮನೆಗಳಲ್ಲಿದೆ. ಬಜೆಯಲ್ಲಿರುವ ಅಸರೋನ್ ಪ್ರಾಣಿಗಳಲ್ಲಿ ಗಂತಿಗಳನ್ನುಂಟುಮಾಡಿದುದು ಪ್ರಯೋಗಗಳಿಂದ ತಿಳಿದುಬಂದಿದೆ. ಅಮೆರಿಕವು 1968ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನೇ ನಿಷೇಧಿಸಿತು. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೇ ಆಹಾರ. ಎಳೆಗೂಸಿಗೆ ಜ್ವರ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು.

ತಿಳಿದವರಿಂದ ಗುರುತು ಹಿಡಿಸಿ ಗಿಡವನ್ನು ತನ್ನಿ. ಕುಂಡಕ್ಕೊಂದು ಹೆಸರಿನ ಚೀಟಿ ಅಂಟಿಸಿ. ಗುಣವನ್ನೂ ಮಿತಿಯನ್ನೂ ಅರಿತು ಬಳಸಿದರೆ ಹಿತ್ತಿಲ ಗಿಡವೂ ಮದ್ದೇ.