ಆಸ್ಪತ್ರೆಯ ಬಟ್ಟೆಯನ್ನು ಮುಟ್ಟದೆ ಎಣಿಸುವ ಬಗೆ

ಬನ್ನೂರು ಸೀಮೆಯ ಕುರಿಗಾಹಿಗೆ ಸಂಜೆ ಒಂದು ಮುಖ್ಯವಾದ ಕೆಲಸ ಉಂಟು. ಮೇದು ಬಂದ ಕುರಿಗಳನ್ನು ದೊಡ್ಡಿಯ ಬಾಗಿಲಲ್ಲಿ ಒಂದೊಂದಾಗಿ ಒಳಕ್ಕೆ ಬಿಡುತ್ತ ಎಣಿಸುವುದೇ ಆ ಕೆಲಸ. ಬೆಳಗಿನ ಲೆಕ್ಕಕ್ಕೂ ಸಂಜೆಯ ಲೆಕ್ಕಕ್ಕೂ ತಾಳೆಯಾದರೆ ಆತನಿಗೆ ನೆಮ್ಮದಿ. ದೊಡ್ಡ ಆಸ್ಪತ್ರೆಯ ಬಟ್ಟೆಯ ಉಗ್ರಾಣವನ್ನು ನೋಡಿಕೊಳ್ಳುವವರ ಪಾಡೂ ಇಂಥದೇ. ಮೇಲುಹಾಸು, ದಿಂಬಿನ ಗವುಸು, ದಾದಿಯರ ಸಮವಸ್ತ್ರ, ಶಸ್ತ್ರಚಿಕಿತ್ಸೆಯ ನಿಲುವಂಗಿ ಇವೆಲ್ಲ ವಾರ್ಡಿನಿಂದ ಒಗೆಯುವ ಮನೆಗೂ ಅಲ್ಲಿಂದ ಮತ್ತೆ ವಾರ್ಡಿಗೂ ದಿನವೂ ಸುತ್ತುತ್ತಿರುತ್ತವೆ. ಆದರೆ ಕುರಿಯನ್ನು ಎಣಿಸುವುದಕ್ಕೂ ಈ ಬಟ್ಟೆಯನ್ನು ಎಣಿಸುವುದಕ್ಕೂ ಬಹಳ ಅಂತರವಿದೆ. ರೋಗಿಯ ರಕ್ತವೋ ಕೀವೋ ತಗುಲಿದ ಬಟ್ಟೆಯ ಗಂಟನ್ನು ಬಿಚ್ಚಿ, ಕೊಡವಿ ಎಣಿಸಿದರೆ ಅದರಲ್ಲಿರುವ ರೋಗಾಣುಗಳು ಎಣಿಸುವವರ ಕೈಗೂ ಸುತ್ತಲಿನ ಗಾಳಿಗೂ ಸೇರಬಹುದು. ಎಣಿಸದೆ ಬಿಟ್ಟರೆ ಬಟ್ಟೆ ಕಾಣೆಯಾದುದೇ ತಿಳಿಯದು. ಈ ಇಕ್ಕಟ್ಟನ್ನು ಬಿಡಿಸಲು ವಿಜ್ಞಾನವು ಒದಗಿಸಿರುವ ಉಪಾಯವೊಂದನ್ನು ಇಲ್ಲಿ ಪರಿಶೀಲಿಸೋಣ.

ಬಟ್ಟೆಗೆ ಗುರುತು ಹಾಕುವುದು ಹೊಸ ಸಂಗತಿಯಲ್ಲ. ಸಂಸ್ಕೃತದಲ್ಲಿ ಭಲ್ಲಾತಕವೆನಿಸಿಕೊಳ್ಳುವ ಕರಿಗೇರಿನ ಕಾಯಿಯ ರಸಕ್ಕೆ ಸುಣ್ಣವನ್ನು ಸೇರಿಸಿ ಮಡಿವಾಳರು ಬಟ್ಟೆಯ ಅಂಚಿನಲ್ಲಿ ಗುರುತು ಮಾಡುತ್ತಿದ್ದರು. ಆ ಕಪ್ಪು ನೀರಿನಲ್ಲಿ ಕರಗದು. ಎಷ್ಟು ಒಗೆದರೂ ಅಳಿಯದು. ಆದರೆ ಅದನ್ನು ಓದಬೇಕಾದರೆ ಬಟ್ಟೆಯನ್ನು ಬಿಡಿಸಿ ಕಣ್ಣಿಂದ ನೋಡಲೇಬೇಕು. ಕಣ್ಣಿನ ನೆರವಿಲ್ಲದೆ, ಮಡಿಕೆಯ ಒಳಗಿದ್ದರೂ ಓದಬಹುದಾದ ಗುರುತು ನಮಗೆ ಬೇಕಾಗಿದೆ. ರೇಡಿಯೋ ಅಲೆಗಳು ಅರಿವೆಯನ್ನು ಸುಲಭವಾಗಿ ತೂರಿ ಹೋಗುವುದರಿಂದ ಈ ಕೆಲಸಕ್ಕೆ ಅವೇ ತಕ್ಕವು. ಆರ್.ಎಫ್.ಐ.ಡಿ. ಎಂದು ಹೆಸರಾದ ಬಿಲ್ಲೆಯ ತತ್ತ್ವ ಇದೇ.

ಬಟ್ಟೆಯ ಅಂಚಿನಲ್ಲಿ ಹೊಲಿಯುವ ಈ ಬಿಲ್ಲೆ ಬೆರಳಿನಷ್ಟು ಉದ್ದದ ಒಂದು ಪಟ್ಟಿ. ಅದರಲ್ಲಿ ಸಾಸಿವೆಗಿಂತಲೂ ಕಿರಿದಾದ ಸಿಲಿಕಾನ್ ಚಿಪ್ಪೊಂದು, ಅದಕ್ಕೆ ಕೂಡಿಕೊಂಡ ಲೋಹದ ಎಳೆಯ ಆಂಟೆನಾ ಒಂದು, ಇವೆರಡೇ ಇರುತ್ತವೆ. ಬ್ಯಾಟರಿಯಿಲ್ಲ. ಚಿಪ್ಪಿನಲ್ಲಿ ಸಾಮಾನ್ಯವಾಗಿ 96 ಬಿಟ್‌ಗಳ ಒಂದು ಸಂಖ್ಯೆ ಅಡಗಿರುತ್ತದೆ. ಇಂಥ ಬೇರೆ ಬೇರೆ ಸಂಖ್ಯೆಗಳು ಎಷ್ಟು ಸಾಧ್ಯ? 2ನ್ನು 96 ಸಲ ಗುಣಿಸಿದಷ್ಟು; ಎಂದರೆ ಸುಮಾರಾಗಿ 79ರ ಮುಂದೆ 27 ಸೊನ್ನೆಗಳು. ಲೋಕದ ಒಂದೊಂದು ಬಟ್ಟೆಗೂ ಬೇರೆ ಬೇರೆ ಹೆಸರಿಟ್ಟರೂ ಇವು ಮುಗಿಯಲಾರವು.

ಬ್ಯಾಟರಿಯಿಲ್ಲದೆ ಬಿಲ್ಲೆ ಮಾತಾಡುವುದು ಹೇಗೆ? ಬಾಗಿಲಲ್ಲಿ ನಿಲ್ಲಿಸಿದ ಓದುಯಂತ್ರವು ರೇಡಿಯೋ ಅಲೆಗಳನ್ನು ಬೀರುತ್ತದೆ. ಆ ಅಲೆಯಿಂದಲೇ ಬಿಲ್ಲೆಯು ತನಗೆ ಬೇಕಾದ ಅಲ್ಪ ವಿದ್ಯುತ್ತನ್ನು ಪಡೆದು ಎಚ್ಚರಗೊಳ್ಳುತ್ತದೆ. ಬಳಿಕ, ಬಿಸಿಲಿನಲ್ಲಿ ಕನ್ನಡಿಯನ್ನು ಆಡಿಸಿ ದೂರದವರಿಗೆ ಸನ್ನೆ ಮಾಡುವಂತೆ, ತನ್ನ ಮೇಲೆ ಬಿದ್ದ ಅಲೆಯನ್ನು ಹೆಚ್ಚು ಕಡಿಮೆ ಮಾಡಿ ಹಿಂದಿರುಗಿಸುತ್ತ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಪ್ರತಿಫಲಿಸಿದ ಶಕ್ತಿಯಿಂದಲೇ ಸಂದೇಶ ಕಳಿಸಬಹುದೆಂದು ಹ್ಯಾರಿ ಸ್ಟಾಕ್‌ಮನ್ 1948ರಲ್ಲಿ ಒಂದು ಲೇಖನದಲ್ಲಿ ವಿವರಿಸಿದ್ದನು. ಮೈಸೂರು–ಬೆಂಗಳೂರು ಹೆದ್ದಾರಿಯ ಗಣಂಗೂರು ಸುಂಕದಕಟ್ಟೆಯಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕೆಲಸ ಮಾಡುವುದೂ ಇದೇ ರೀತಿಯಲ್ಲಿ. ರಾಷ್ಟ್ರೀಯ ಹೆದ್ದಾರಿಯ ಸುಂಕಕ್ಕೆ ಅದನ್ನು 2021ರ ಫೆಬ್ರುವರಿಯಲ್ಲಿ ಕಡ್ಡಾಯಗೊಳಿಸಲಾಯಿತು.

ಆದರೆ ಸುಂಕದಕಟ್ಟೆಯಲ್ಲಿ ಕಾರುಗಳು ಒಂದರ ಹಿಂದೆ ಒಂದು ಬರುತ್ತವೆ. ಬಟ್ಟೆಯ ಚೀಲದಲ್ಲಿ ನೂರು ಬಿಲ್ಲೆಗಳು ಒಟ್ಟಿಗೆ ಇರುತ್ತವೆ. ಎಲ್ಲವೂ ಒಮ್ಮೆಲೇ ಉತ್ತರಿಸಿದರೆ ಗದ್ದಲವೇ ಹೊರತು ಅರ್ಥವಾಗದು. ಅದಕ್ಕಾಗಿ ಓದುಯಂತ್ರವು ತರಗತಿಯ ಉಪಾಧ್ಯಾಯರಂತೆ ಒಂದು ಕಟ್ಟಳೆ ಮಾಡುತ್ತದೆ: ‘ಪ್ರತಿಯೊಬ್ಬರೂ ಮನಸ್ಸಿಗೆ ಬಂದ ಒಂದು ಸರದಿಯನ್ನು ಆರಿಸಿಕೊಳ್ಳಿ, ನಿಮ್ಮ ಸರದಿ ಬಂದಾಗ ಮಾತ್ರ ಹೇಳಿ.’ ಎರಡು ಬಿಲ್ಲೆಗಳು ಒಂದೇ ಸರದಿಯನ್ನು ಆರಿಸಿಕೊಂಡಿದ್ದರೆ ಅವು ಮತ್ತೊಮ್ಮೆ ಆರಿಸಿಕೊಳ್ಳುತ್ತವೆ. ಹೀಗೆ ಒಂದು ಸೆಕೆಂಡಿನಲ್ಲಿ ನೂರಾರು ಬಿಲ್ಲೆಗಳನ್ನು ಓದಬಹುದು. ಕಟ್ಟಿದ ಚೀಲದ ಬಾಯನ್ನು ಬಿಚ್ಚದೆಯೇ ಎಣಿಕೆ ಮುಗಿಯುತ್ತದೆ.

ಈ ಅಲೆಗಳಿಗೆ ನೀರು ದೊಡ್ಡ ತಡೆ. ಭಾರತದಲ್ಲಿ ಇಂಥ ಬಿಲ್ಲೆಗಳಿಗೆ ಬಳಸುವ ಅಲೆಯ ಆವರ್ತನ ಸುಮಾರು 866 ಮೆಗಾಹರ್ಟ್ಸ್, ಅಲೆಯುದ್ದ ಸುಮಾರು 35 ಸೆಂಟಿಮೀಟರ್. ಅದನ್ನು ನೀರು ಹೀರಿಬಿಡುತ್ತದೆ. ಪ್ರಾಣಿಗಳ ಮೈಯಲ್ಲಿ ನೀರೇ ಹೆಚ್ಚಾದ್ದರಿಂದ ಅವುಗಳ ಚರ್ಮದಡಿ ಇಡುವ ಗುರುತಿಗೆ 134.2 ಕಿಲೋಹರ್ಟ್ಸ್‌ನ ಕೆಳಮಟ್ಟದ ಆವರ್ತನವನ್ನು ಬಳಸುತ್ತಾರೆ. ಆದರೆ ಅದನ್ನು ಹತ್ತಿರದಿಂದಲೇ ಓದಬೇಕು. ಒದ್ದೆಯಾದ ಬಟ್ಟೆಯ ಚೀಲದಲ್ಲಿ ಕೆಲವು ಬಿಲ್ಲೆಗಳು ತಪ್ಪಿಹೋಗಬಹುದು. ಆದಕಾರಣ ಒಗೆದು ಒಣಗಿದ ಮೇಲೆ ಮತ್ತೊಮ್ಮೆ ಓದಿ ಎರಡು ಲೆಕ್ಕಗಳನ್ನೂ ಹೋಲಿಸುವುದು ಒಳ್ಳೆಯದು.

ಬಿಲ್ಲೆಯು ಒಗೆತವನ್ನೂ ತಾಳಬೇಕು. ಬಟ್ಟೆಯನ್ನು 71 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಕಡಿಮೆಯೆಂದರೆ 3 ನಿಮಿಷ ಅಥವಾ 65 ಡಿಗ್ರಿಯಲ್ಲಿ 10 ನಿಮಿಷ ಇಡಬೇಕೆಂಬುದು ಬ್ರಿಟನ್ನಿನ ಆಸ್ಪತ್ರೆಗಳ ಕ್ರಮ. ಆಮೇಲೆ ಇಸ್ತ್ರಿಯ ಬಿಸಿ ಬೇರೆ. ಇಂಥ 200 ಒಗೆತಗಳನ್ನು ತಾಳುವಂತೆ ಬಟ್ಟೆಯ ಬಿಲ್ಲೆಗಳನ್ನು ತಯಾರಿಸುತ್ತಾರೆ. ಒಂದೊಂದು ಬಟ್ಟೆಯೂ ಎಷ್ಟು ಸಲ ಒಗೆತಕ್ಕೆ ಹೋಯಿತೆಂಬುದನ್ನು ಗಣಕಯಂತ್ರ ಬರೆದಿಡುವುದರಿಂದ ನೂಲು ಸವೆಯುವ ಮೊದಲೇ ಅದನ್ನು ಬದಲಿಸಬಹುದು. ರಕ್ತ ತಗುಲಿ ಕೆಟ್ಟುಹೋದ ಬಟ್ಟೆಯನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ ಚೀಲಕ್ಕೆ ಹಾಕಬೇಕು. ಆಗ ಅದರ ಸಂಖ್ಯೆಯನ್ನೂ ಲೆಕ್ಕದಿಂದ ತೆಗೆಯಬೇಕು.

ಇಷ್ಟೆಲ್ಲ ಬಲ್ಲ ಬಿಲ್ಲೆಗೆ ತಿಳಿಯದ ವಿಷಯಗಳೂ ಉಂಟು. ಬಟ್ಟೆಯು ಒಗೆಯುವ ಮನೆಯ ಬಾಗಿಲನ್ನು ದಾಟಿತೆಂದು ಅದು ಹೇಳೀತು. ನೀರು ಸಾಕಷ್ಟು ಕಾದಿತ್ತೇ, ಬಟ್ಟೆ ನಿಜವಾಗಿ ಶುದ್ಧವಾಯಿತೇ ಎಂಬುದನ್ನು ಹೇಳಲಾರದು. ಅದಕ್ಕೆ ಶಾಖಮಾಪಕವನ್ನು ನೋಡುವ ಎಚ್ಚರವುಳ್ಳ ಮನುಷ್ಯನೇ ಬೇಕು. ಇನ್ನು, ಬಿಲ್ಲೆ ಗುರುತಿಸುವುದು ಸಮವಸ್ತ್ರವನ್ನೇ ಹೊರತು ದಾದಿಯನ್ನಲ್ಲ. ಆದರೆ ಬಾಗಿಲು ಬಾಗಿಲಿಗೂ ಓದುಯಂತ್ರವನ್ನಿಟ್ಟು, ಸಮವಸ್ತ್ರ ಯಾರದೆಂಬುದನ್ನೂ ಬರೆದಿಟ್ಟರೆ, ಬಟ್ಟೆಯ ಲೆಕ್ಕವು ಮನುಷ್ಯರ ಮೇಲಿನ ಕಾವಲಾಗಿ ಮಾರ್ಪಡುತ್ತದೆ. ಓದುಯಂತ್ರವನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಆ ಬಟ್ಟೆಯನ್ನು ಉಡುವವರೊಡನೆ ಕೂಡಿ ಮೊದಲೇ ನಿಶ್ಚಯಿಸುವುದು ನ್ಯಾಯ.

ಸಣ್ಣ ಊರಿನ ಇಪ್ಪತ್ತು ಹಾಸಿಗೆಗಳ ಆಸ್ಪತ್ರೆಗೆ ಇಷ್ಟೊಂದು ಏರ್ಪಾಡು ಬೇಕಾಗಲಿಕ್ಕಿಲ್ಲ. ಅಳಿಯದ ಮಸಿ, ಕ್ರಮವಾದ ಪುಸ್ತಕ, ಕೈಗವುಸು, ಕೊಳೆಬಟ್ಟೆಯನ್ನು ವಾರ್ಡಿನಲ್ಲಿ ಕೊಡವದಿರುವ ಶಿಸ್ತು ಇವೇ ಅಲ್ಲಿ ಸಾಕು. ಎಣಿಕೆಯನ್ನು ಒಗೆದ ಮೇಲೆ ಮಾಡಿದರಾಯಿತು. ಬಟ್ಟೆ ಸಾವಿರಗಟ್ಟಲೆಯಾದಾಗ ಈ ಬಿಲ್ಲೆಯ ನಿಜವಾದ ಉಪಯೋಗ ಕಾಣುತ್ತದೆ. ಅದು ಉಳಿಸುವ ಹಣಕ್ಕಿಂತ, ಕೊಳೆಬಟ್ಟೆಯನ್ನು ದಿನವೂ ಎಣಿಸಬೇಕಾಗಿದ್ದವರ ಕೈಯನ್ನು ರೋಗದಿಂದ ದೂರವಿಡುವುದೇ ದೊಡ್ಡ ಲಾಭವೆಂದು ನಾವು ಭಾವಿಸುತ್ತೇವೆ.