ಮೀನಲ್ಲದ ಮೀನು, ಕಣ್ಣಲ್ಲದ ಕಣ್ಣು

ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕ್ಯಾಮೆರಾ ಹಿಡಿದವನಿಗೆ ಅವಸರವೆಂಬುದಿಲ್ಲ. ಕೈಟಭೇಶ್ವರನ ಗುಡಿಯ ತೆರೆದ ಮಂಟಪದಲ್ಲಿ ಕಡೆದು ನಯಗೊಳಿಸಿದ ಕಂಬಗಳು ಸಾಲುಸಾಲಾಗಿ ನಿಂತಿವೆ, ಕ್ರಿ.ಶ. 1100ರ ಸುಮಾರಿನಿಂದ ನಿಂತೇ ಇವೆ. ಬೆಳಕು ಸಾಲದಿದ್ದರೆ ಮೋಡ ಸರಿಯುವವರೆಗೆ ಕುಳಿತು ಕಾಯಬಹುದು. ಒಂದು ಚಿತ್ರ ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ನಾಳೆ ಮತ್ತೆ ಬರಬಹುದು. ಚಂದ್ರಹಾಸನ ಕುಂತಳನಗರ ಇದೇ ಎಂದು ಊರವರು ಹೇಳುವ ಕಥೆಯನ್ನು ಪೂರ್ತಿ ಕೇಳಿ ಎದ್ದರೂ ಕಂಬದ ಮೇಲಿನ ನೆರಳು ನಾಲ್ಕು ಬೆರಳಷ್ಟು ಸರಿದಿರುತ್ತದೆ, ಅಷ್ಟೆ.

ಅದೇ ತಾಲ್ಲೂಕಿನ ಗುಡವಿಗೆ ಹೋದರೆ ಆಟ ತುಸು ಬದಲಾಗುತ್ತದೆ. 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ಕೆರೆಯಲ್ಲಿ ಮಳೆಗಾಲ ಬಂತೆಂದರೆ ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳ ಸಂಸಾರ ಹೂಡುತ್ತದೆ. ಹಕ್ಕಿ ಹಾರುತ್ತದೆ, ನಿಜ. ಆದರೆ ಗೂಡು ಹಾರುವುದಿಲ್ಲ. ಮರಿಯ ಬಾಯಿಗೆ ಮೀನು ತಂದ ತಾಯಿ ಅದೇ ಕೊಂಬೆಗೆ ಮರಳಿ ಬರಲೇಬೇಕು. ತಾಳ್ಮೆಯುಳ್ಳವನಿಗೆ ಅಲ್ಲಿಯೂ ಮೋಸವಿಲ್ಲ.

ಮಳೆ ನಿಂತು, ಕಡಲು ತಣಿದು, ಗದ್ದೆಯ ಕೆಲಸ ತುಸು ಹಗುರಾದ ಮೇಲೆ ಸೊರಬ, ಆನವಟ್ಟಿ, ಶಿಕಾರಿಪುರದ ಕಡೆಯವರು ಬನವಾಸಿ, ಶಿರಸಿಗಳನ್ನು ಹಾಯ್ದು ದೇವಿಮನೆ ಘಟ್ಟವಿಳಿದು ಕಡಲ ತೀರಕ್ಕೆ ಪ್ರವಾಸ ಹೊರಡುತ್ತಾರೆ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನವಾದ ಮೇಲೆ, ಅಥವಾ ಕಾರವಾರದಲ್ಲಿ ಸಂಜೆಯ ತಿಂಡಿಗೆ ಮುಂಚೆ, ದೋಣಿಯ ಮಾತು ಬಂದೇ ಬರುತ್ತದೆ: “ಡಾಲ್ಫಿನ್ ನೋಡೋಣವೆ?” ಆಗ ಕುಬಟೂರಿನ ಕಂಬವನ್ನೂ ಗುಡವಿಯ ಗೂಡನ್ನೂ ಹಿಡಿದ ಕ್ಯಾಮೆರಾವೇ ದೋಣಿಯನ್ನೇರುತ್ತದೆ. ಅರ್ಧ ತಾಸಿನಲ್ಲಿ ಅದರ ಗರ್ವವೆಲ್ಲ ಇಳಿಯುತ್ತದೆ. ಹಿಂದಿರುಗಿ ನೋಡಿದರೆ ನಲವತ್ತು ಚಿತ್ರಗಳಲ್ಲಿ ಮೂವತ್ತೆಂಟು ಬರಿಯ ನೀರು. ಉಳಿದ ಎರಡರಲ್ಲಿ ಯಾರದೋ ಟೋಪಿ!

ಕಾರಣ ಸರಳವಾಗಿದೆ. ಡಾಲ್ಫಿನ್ ಮೀನಲ್ಲ. ಅದು ಮನುಷ್ಯನಂತೆಯೇ ಪುಪ್ಪುಸದಿಂದ ಉಸಿರಾಡುವ, ಮರಿಗೆ ಹಾಲೂಡುವ ಸಸ್ತನಿ. ನೀರಿನ ಮೇಲಕ್ಕೆ ಬರುವುದು ಸಾಮಾನ್ಯವಾಗಿ ಪ್ರೇಕ್ಷಕರಿಗೆ ಮುಖ ತೋರಲೆಂದಲ್ಲ, ನೆತ್ತಿಯ ಮೇಲಿನ ರಂಧ್ರದಿಂದ ಉಸಿರು ಬಿಟ್ಟು ಉಸಿರು ತೆಗೆದುಕೊಳ್ಳಲೆಂದು. ಉತ್ತರ ಕನ್ನಡದ ದಂಡೆಗೆ ಸಮೀಪವಾಗಿ ಕಾಣುವುದು ಮುಖ್ಯವಾಗಿ ಗೂನುಬೆನ್ನಿನ ಡಾಲ್ಫಿನ್. ಬೆನ್ನಿನ ನಡುವೆ ದಿಬ್ಬದಂತೆ ಎದ್ದ ಗೂನು, ಅದರ ಮೇಲೊಂದು ಚಿಕ್ಕ ರೆಕ್ಕೆ. ಬೆಳೆದದ್ದು ಎಂಟೊಂಬತ್ತು ಅಡಿ ಉದ್ದ. ಮೊದಲು ಉದ್ದನೆಯ ಮೂತಿ, ಬಳಿಕ ಗೂನು, ಬಳಿಕ ರೆಕ್ಕೆ, ಆಳಕ್ಕಿಳಿಯುವುದಾದರೆ ಕೊನೆಗೆ ಬಾಲ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. “ಅಗೋ!” ಎಂದು ಕೂಗಿ, ಕ್ಯಾಮೆರಾ ಎತ್ತಿ, ಗುಂಡಿಯೊತ್ತುವ ಹೊತ್ತಿಗೆ ನೀರಿನ ಮೇಲೆ ಒಂದು ಉಂಗುರ ಮಾತ್ರ ಉಳಿದಿರುತ್ತದೆ. ಚಂದ್ರಹಾಸನ ಕಥೆಯಲ್ಲಿ ವಿಷವು ವಿಷಯೆಯಾಗಲು ಒಂದೇ ಅಕ್ಷರ ಸಾಕಾಯಿತು. ಇಲ್ಲಿ ಡಾಲ್ಫಿನ್ ಬರಿಯ ನೀರಾಗಲು ಅರ್ಧ ಕ್ಷಣ ಸಾಕು.

ಹೊರದೇಶಗಳಲ್ಲಿ ಈ ಅರ್ಧ ಕ್ಷಣದ ಕಷ್ಟವನ್ನು ಹಣದಿಂದ ನೀಗಿಸಿಕೊಂಡಿದ್ದಾರೆ. ಅಮೆರಿಕದ ಫ್ಲಾರಿಡ ಮುಂತಾದೆಡೆ ಡಾಲ್ಫಿನ್‌ಗಳನ್ನು ಕೊಳಗಳಲ್ಲಿ, ಆವರಣಗಳಲ್ಲಿ ಕೂಡಿಹಾಕಿ, ಶುಲ್ಕ ತೆತ್ತವರನ್ನು ಅವುಗಳ ಜೊತೆ ಈಜಲು ಬಿಡುತ್ತಾರೆ. ಅಂಥ ಹಲವೆಡೆ ಈಜುವವರು ತಮ್ಮ ಕ್ಯಾಮೆರಾ ತರುವಂತಿಲ್ಲ. ಕೈಯಿಂದ ಜಾರಿದ ವಸ್ತುವನ್ನು ಪ್ರಾಣಿ ನುಂಗಿದರೆ ಅದರ ಜೀವಕ್ಕೇ ಅಪಾಯವೆಂಬುದು ಒಂದು ಕಾರಣ. ಸಂಸ್ಥೆಯ ಛಾಯಾಗ್ರಾಹಕ ತೆಗೆದ ಚಿತ್ರಗಳು ದುಬಾರಿ ಬೆಲೆಗೆ ಮಾರಾಟವಾಗಬೇಕೆಂಬುದು ಇನ್ನೊಂದು. ಎರಡರಲ್ಲಿ ಯಾವುದು ಮೊದಲು ಹುಟ್ಟಿತೆಂಬುದನ್ನು ಬಿಲ್ಲು ಕೈಗೆ ಬಂದವರು ತಾವೇ ಊಹಿಸಿಕೊಳ್ಳುತ್ತಾರೆ. ಡಾಲ್ಫಿನ್ ಕೆನ್ನೆಗೆ ಮುತ್ತಿಟ್ಟ ಚಿತ್ರವೊಂದು ಹೀಗೆ ಮನೆಗೆ ಬರುತ್ತದೆ. ಅದರ ಬಾಯಿಯ ರೇಖೆ ಸದಾ ನಗುವಂತೆ ಇರುವುದು ಎಲುಬಿನ ರಚನೆಯಿಂದ. ಸುಖದಲ್ಲಿದ್ದರೂ ಸಂಕಟದಲ್ಲಿದ್ದರೂ ಆ ನಗು ಹಾಗೆಯೇ ಇರುತ್ತದೆ. ಚಿತ್ರ ನೋಡಿದವರಿಗೆ ಅದು ತಿಳಿಯಬೇಕಲ್ಲ!

ಪರದೇಶದಲ್ಲಿ ನೆಲಸಿದ ಮಗನೋ ಮಗಳೋ ಇಂಥ ಚಿತ್ರವನ್ನು ಕಳಿಸಿದಾಗ ಊರ ಮನೆಯ ಜಗಲಿಯ ಮೇಲೆ ಪ್ರಶ್ನೆ ಏಳುವುದು ಸಹಜ: ನಮ್ಮ ಕಾರವಾರದಲ್ಲಿಯೂ ಡಾಲ್ಫಿನ್ ಇವೆಯಂತೆ, ನಾವೂ ನೀರಿಗಿಳಿಯಬಹುದಲ್ಲ? ಇಳಿಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಡಾಲ್ಫಿನ್ ಸೇರಿದೆ. ಬೆನ್ನಟ್ಟುವುದು, ಹಿಡಿಯುವುದು, ಪೀಡಿಸುವುದು ಎಲ್ಲವೂ ಅಪರಾಧ. ಕೂಡಿಹಾಕಿ ತೋರಿಸುವ ಪ್ರಯತ್ನವೂ ಒಮ್ಮೆ ನಡೆಯಿತು: 1998ರಲ್ಲಿ ಬಲ್ಗೇರಿಯದಿಂದ ಚೆನ್ನೈಗೆ ತರಿಸಿದ ಡಾಲ್ಫಿನ್‌ಗಳು ಕೆಲವೇ ತಿಂಗಳುಗಳಲ್ಲಿ ಸತ್ತುಹೋದವು. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ದೇಶದಲ್ಲಿ ಎಲ್ಲಿಯೂ ಡಾಲ್ಫಿನ್ ಪ್ರದರ್ಶನಾಲಯಕ್ಕೆ ಅನುಮತಿ ನೀಡಕೂಡದೆಂದು ರಾಜ್ಯಗಳಿಗೆ ತಿಳಿಸಿತು. ಇದೇನೂ ಹೊಸ ಕರುಣೆಯಲ್ಲ. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಅದರಲ್ಲಿ ಬರುವ ‘ಗಂಗಾಪುಪುಟಕ’ವು ಗಂಗೆಯ ಡಾಲ್ಫಿನ್ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಇನ್ನು ಘಟ್ಟದ ಮೇಲೆ ಮಕರತೋರಣ ಕೆತ್ತಿದ ಚಾಲುಕ್ಯ ಶಿಲ್ಪಿಗಳಲ್ಲಿ ಕಡಲನ್ನು ಕಂಡವರು ಎಷ್ಟು ಮಂದಿಯೋ! ಅವರು ಚಿತ್ರಕ್ಕಾಗಿ ಯಾವ ಪ್ರಾಣಿಯನ್ನೂ ಅಟ್ಟಿಸಿಕೊಂಡು ಹೋಗಲಿಲ್ಲವೆಂಬುದಂತೂ ನಿಜ.

ತೆರೆದ ಕಡಲಿನಲ್ಲಿ ಡಾಲ್ಫಿನ್ ಜೊತೆ ಈಜಲು ಬಿಡುವ ದೇಶಗಳೂ ಈಗ ಕೈ ಬಿಗಿಹಿಡಿಯುತ್ತಿವೆ. ನ್ಯೂಜಿಲೆಂಡಿನಲ್ಲಿ ಎಳೆಯ ಮರಿಗಳಿರುವ ಗುಂಪಿನ ನಡುವೆ ಈಜುವುದನ್ನು 1992ರ ನಿಯಮಗಳೇ ತಡೆದಿವೆ. ಅಲ್ಲಿನ ಬೇ ಆಫ್ ಐಲೆಂಡ್ಸ್‌ನಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಇಳಿಯುತ್ತ ಬಂದಾಗ 2019ರಲ್ಲಿ ಪ್ರವಾಸಿಗರ ಈಜನ್ನೇ ನಿಲ್ಲಿಸಿದರು. ಹವಾಯಿಯಲ್ಲಿ 2021ರಿಂದ ತೀರದ ಸ್ಪಿನ್ನರ್ ಡಾಲ್ಫಿನ್‌ಗಳ 50 ಗಜದೊಳಗೆ ಈಜುವಂತಿಲ್ಲ. ಅವು ರಾತ್ರಿ ಬೇಟೆಯಾಡಿ ಹಗಲು ವಿಶ್ರಮಿಸುವ ಪ್ರಾಣಿಗಳು. ಹಗಲೆಲ್ಲ ಅತಿಥಿಗಳು ಬಂದರೆ ನಿದ್ದೆಯೆಲ್ಲಿ?

ಉತ್ತರ ಕನ್ನಡದ ದೋಣಿಯಲ್ಲಿ ನೀರಿಗಿಳಿಯುವ ಪ್ರಶ್ನೆಯಿಲ್ಲದಿದ್ದರೂ ತೊಂದರೆ ಇಲ್ಲವೆಂದಲ್ಲ. ಇಲ್ಲಿನ ತೊಂದರೆ ಬಹುಮಟ್ಟಿಗೆ ಕ್ಯಾಮೆರಾದಿಂದಲೇ ಹುಟ್ಟುತ್ತದೆ. ಬರಿಗಣ್ಣಿಗೆ ನೂರು ಮೀಟರ್ ದೂರದ ರೆಕ್ಕೆ ಸಂತೋಷ ಕೊಡುತ್ತದೆ. ಮೊಬೈಲ್ ಫೋನಿನ ಪರದೆಯ ಮೇಲೆ ಅದು ಸಾಸಿವೆ ಕಾಳು. “ಇನ್ನೂ ಸ್ವಲ್ಪ ಹತ್ತಿರ ಬಿಡಿ ಅಣ್ಣಾ, ಫೋಟೋ ಬರ್ತಾ ಇಲ್ಲ” ಎಂಬ ಕೂಗು ಏಳುತ್ತದೆ. ದೋಣಿಯವನಿಗೆ ಮಳೆಗಾಲ ಕಳೆದ ಮೇಲಿನ ಕೆಲವೇ ತಿಂಗಳುಗಳ ಸಂಪಾದನೆ. ಗಿರಾಕಿ ಮುನಿಸಿಕೊಂಡು ಹೋದರೆ ನಾಳೆ ಪಕ್ಕದ ದೋಣಿ ತುಂಬುತ್ತದೆ. ಇಂಜಿನ್ ಗದರುತ್ತದೆ. ಅದನ್ನು ಕಂಡ ಇನ್ನೆರಡು ದೋಣಿಗಳು ಆ ಕಡೆ ಈ ಕಡೆಯಿಂದ ಧಾವಿಸುತ್ತವೆ. ಮೂರೂ ಸೇರಿ ಬಳಸಿದ ನೀರಿನೊಳಗೆ ಒಂದು ತಾಯಿ, ಪಕ್ಕೆಗಂಟಿದ ಒಂದು ಮರಿ.

ಈ ಜಾತಿ ದಂಡೆಗೆ ಅಂಟಿ ಬಾಳುವಂಥದು. ಸಾಮಾನ್ಯವಾಗಿ 25 ಮೀಟರಿಗಿಂತ ಕಡಮೆ ಆಳದ ನೀರೇ ಅದರ ಸೀಮೆ. ಕಾಳಿಯಂಥ ಹೊಳೆಗಳು ಕಡಲು ಸೇರುವಲ್ಲಿ ಮೀನು ಹೇರಳವಾದ್ದರಿಂದ ಅಲ್ಲಿ ಸುಳಿದಾಡುತ್ತದೆ. ಬಂದರು, ಬಲೆ, ಹಡಗು, ಊರಿನ ಕೊಳೆನೀರು ಎಲ್ಲವೂ ಇರುವುದು ಅದೇ ಪಟ್ಟಿಯಲ್ಲಿ. ಅಟ್ಟಿದರೆ ಆಚೆಯ ಆಳಕ್ಕೆ ಓಡಿಹೋಗಿ ಬದುಕುವ ಪ್ರಾಣಿಯಲ್ಲ. ಹೆತ್ತರೆ ಒಂದೇ ಮರಿ, ಅದೂ ಕೆಲವು ವರ್ಷಗಳಿಗೊಮ್ಮೆ. 2017ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯು ಇದನ್ನು ಅಪಾಯಕ್ಕೆ ಸಿಕ್ಕಿದ ಜಾತಿಯೆಂದು ಗುರುತಿಸಿತು.

ಹಾಗಾದರೆ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆ? ಬೇಕಿಲ್ಲ, ಒಯ್ಯುವ ರೀತಿಯನ್ನು ಕಲಿಯಬೇಕು, ಅಷ್ಟೆ. ನಿಜವಾದ ಚಿತ್ರ ಬೇಕೆನ್ನುವವರು ಹತ್ತಿರ ಹೋಗುವ ಕೆಲಸವನ್ನು ದೋಣಿಗೆ ವಹಿಸದೆ ಮಸೂರಕ್ಕೆ ವಹಿಸಬೇಕು. 300 ಮಿಲಿಮೀಟರ್ ಮಸೂರವಿದ್ದರೆ 50 ಮೀಟರಿನಾಚೆ ನಿಂತೇ ರೆಕ್ಕೆಯ ಅಂಚನ್ನು ಸ್ಪಷ್ಟವಾಗಿ ಹಿಡಿಯಬಹುದು. ದೋಣಿಯೂ ಅಲುಗುತ್ತದೆ, ಪ್ರಾಣಿಯೂ ಅಲುಗುತ್ತದೆ. ಆದ್ದರಿಂದ ಸೆಕೆಂಡಿನ ಸಾವಿರದ ಒಂದು ಭಾಗದ ವೇಗ ಬೇಕು. ಪ್ರಾಣಿ ಕಂಡ ಮೇಲೆ ಕ್ಯಾಮೆರಾ ಎತ್ತಿದರೆ ಕೆಲಸವಾಗದು. ಡಾಲ್ಫಿನ್ ಸಾಮಾನ್ಯವಾಗಿ ಎರಡು ಮೂರು ಸಲ ಬೇಗಬೇಗ ಉಸಿರೆಳೆದು ಬಳಿಕ ದೀರ್ಘವಾಗಿ ಮುಳುಗುತ್ತದೆ. ಮೊದಲನೆಯ ಉಸಿರಿನಲ್ಲಿ ಅದು ಸಾಗುವ ದಿಕ್ಕು ನೋಡಿಕೊಂಡು ಮುಂದಿನ ನೀರಿಗೆ ಗುರಿಯಿಟ್ಟು ಕಾಯಬೇಕು. ಫೋನು ಮಾತ್ರ ಇರುವವರು ಬಿಡಿ ಚಿತ್ರಗಳ ಆಸೆ ಬಿಟ್ಟು ಚಲನಚಿತ್ರ ತೆಗೆಯುವುದು ಜಾಣತನ. ಬೆಳಗಿನ ದೋಣಿಯೇ ಮೇಲು. ಪಡುವಣ ಕಡಲಿನಲ್ಲಿ ಬೆಳಗಿನ ಸೂರ್ಯ ಬೆನ್ನಿಗಿರುತ್ತಾನೆ, ಗಾಳಿಯೂ ಇನ್ನೂ ಎದ್ದಿರುವುದಿಲ್ಲ. ಸಂಜೆಯ ಚಿತ್ರ ಕರಿಯ ನೆರಳಾಗಿ ಅಂದವಾಗಿಯೇ ಬರುತ್ತದೆ. ಆದರೆ ಅದು ಡಾಲ್ಫಿನ್ನೋ ಮರದ ದಿಮ್ಮಿಯೋ ಎಂದು ನೆಂಟರು ಕೇಳಿದರೆ ಕೋಪಿಸಿಕೊಳ್ಳಬಾರದು.

ಇಂಜಿನ್ ನಿಲ್ಲಿಸಿ ಎಂದು ಹೇಳುವ ಧೈರ್ಯ ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ. ಅದು ಅಂಗಡಿಯಲ್ಲಿ ಸಿಗದು. ಹತ್ತು ಜನರಿರುವ ದೋಣಿಯಲ್ಲಿ ಒಬ್ಬರು ಈ ಮಾತನ್ನಾಡಿದರೆ ಉಳಿದವರ ಮುಖ ಗಂಟಾಗುವುದುಂಟು. ದೋಣಿ ಹತ್ತುವ ಮೊದಲೇ, ದರ ಗೊತ್ತುಮಾಡುವಾಗಲೇ, “ಹತ್ತಿರ ಒಯ್ಯುವುದು ಬೇಡ, ಎದುರಿಗೆ ಅಡ್ಡ ಹಾಕುವುದು ಬೇಡ, ದೂರದಲ್ಲಿ ನಿಲ್ಲಿಸಿದರೆ ಸಾಕು, ಕಾಣದಿದ್ದರೂ ಪೂರ್ತಿ ಹಣ ಕೊಡುತ್ತೇವೆ” ಎಂದು ಹೇಳಿಬಿಡುವುದು ಸುಲಭದ ದಾರಿ. ಈ ಕೊನೆಯ ಮಾತಿಗೆ ದೋಣಿಯವನ ಹೆಗಲಿನ ಭಾರ ಅರ್ಧ ಇಳಿಯುತ್ತದೆ. ಇಂಜಿನ್ ನಿಂತ ದೋಣಿಯಿಂದ ಇನ್ನೊಂದು ಲಾಭವೂ ಇದೆ: ‘ಫುಸ್’ ಎಂಬ ಉಸಿರಿನ ಸದ್ದು ಕಿವಿಗೆ ಬೀಳುತ್ತದೆ, ಕ್ಯಾಮೆರಾವನ್ನು ಯಾವ ಕಡೆಗೆ ತಿರುಗಿಸಬೇಕೆಂದು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ.

ಕಾರವಾರದಲ್ಲಿ ಮತ್ತೊಂದು ಎಚ್ಚರ ಅಗತ್ಯ. ಅಲ್ಲಿಯ ನೌಕಾನೆಲೆಗೆ ಐಎನ್‌ಎಸ್ ಕದಂಬ ಎಂದು ಹೆಸರು. 2005ರ ಮೇ 31ರಂದು ಅದು ಸೇವೆಗೆ ಸಂದಿತು. ಬನವಾಸಿಯ ಕದಂಬರ ಹೆಸರದು, ಕುಬಟೂರಿನವರಿಗೆ ನೆರೆಮನೆಯ ಹೆಸರು. ಹಾಗೆಂದು ಸಲುಗೆ ತೋರಿ ಯುದ್ಧನೌಕೆಯತ್ತ ಕ್ಯಾಮೆರಾ ತಿರುಗಿಸುವಂತಿಲ್ಲ. ರಕ್ಷಣಾ ಪ್ರದೇಶದ ಚಿತ್ರ ತೆಗೆಯುವುದು ನಿಷಿದ್ಧ.

ಇನ್ನು ಉಪ್ಪುನೀರು. ಗೋಕರ್ಣದ ದಂಡೆಗಳಲ್ಲಿ ಮೊಳಕಾಲು ನೀರಿನಲ್ಲಿ ನಡೆದು ದೋಣಿ ಹತ್ತಬೇಕಾಗಿ ಬರುವುದುಂಟು. ಆಗ ಕ್ಯಾಮೆರಾದ ಚೀಲ ತಲೆಯ ಮೇಲಿರಲಿ. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲವೊಂದು ಜೊತೆಗಿರಲಿ. ದೋಣಿಯಲ್ಲಿ ಮಸೂರ ಬದಲಿಸಬಾರದು. ಮರಳಿದ ಸಂಜೆಯೇ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಮೈ ಒರಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರಸಬೇಕು. ಮಲೆನಾಡಿಗೆ ತಂದ ಮೇಲೆ ಬೇರೆ ಶತ್ರು ಕಾದಿರುತ್ತದೆ. ಜೂನ್ ಬಂತೆಂದರೆ ಪುಸ್ತಕಕ್ಕೆ, ಚಪ್ಪಲಿಗೆ ಹಿಡಿಯುವ ಬೂಷ್ಟು ಮಸೂರದ ಒಳಗಾಜಿಗೂ ಹಿಡಿಯುತ್ತದೆ. ಅಡಿಗೆಮನೆಯ ಒಲೆಯ ಮೇಲಿನ ಅಟ್ಟ ಹಪ್ಪಳಕ್ಕೆ ಒಳ್ಳೆಯದು. ಹೊಗೆಯಿಂದಾಗಿ ಕ್ಯಾಮೆರಾಕ್ಕೆ ಒಳ್ಳೆಯದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟರೆ ಮಳೆಗಾಲ ದಾಟುತ್ತದೆ.

ಹೀಗೆ ಉಳಿಸಿ ತಂದ ಚಿತ್ರ ಗೋಡೆಗೆ ಮಾತ್ರ ಮೀಸಲಾಗಬೇಕಿಲ್ಲ. ಸೊರಬ ಸೀಮೆಯ ಕಲ್ಲುಬರಹಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಸವೆದ, ಒಡೆದ ಅಂಚುಗಳ ನಡುವೆ ಅಕ್ಷರವನ್ನು ಹುಡುಕಿ ಓದಿದ ಕೆಲಸವದು. ಡಾಲ್ಫಿನ್ ಸಂಶೋಧಕರು ಮಾಡುವುದೂ ಇಂಥದೇ ಓದು. ಬಲೆಗೆ ಸಿಕ್ಕಿ, ಜಗಳವಾಡಿ, ದೋಣಿಗೆ ತಗಲಿ ಬೆನ್ನರೆಕ್ಕೆಯ ಅಂಚಿನಲ್ಲಾದ ಕಚ್ಚುಗಳು ಒಂದರಂತೆ ಒಂದರಲ್ಲಿ ಇರುವುದಿಲ್ಲ. ಆ ಕಚ್ಚುಗಳನ್ನು ಚಿತ್ರದಿಂದ ಚಿತ್ರಕ್ಕೆ ಹೋಲಿಸಿ, ಇದು ಅದೇ ಪ್ರಾಣಿ, ಹೋದ ವರ್ಷವೂ ಇಲ್ಲೇ ಇತ್ತು, ಈಗ ಜೊತೆಗೆ ಮರಿಯಿದೆ ಎಂದು ಗುರುತಿಸುತ್ತಾರೆ. 1970ರ ದಶಕದಿಂದ ಜಗತ್ತಿನ ಹಲವು ಕಡಲುಗಳಲ್ಲಿ ಈ ವಿಧಾನ ರೂಢಿಯಲ್ಲಿದೆ. ಭಾರತದಲ್ಲಿ ಕಡಲ ಸಸ್ತನಿಗಳ ಸಂಶೋಧಕರು ಕಟ್ಟಿಕೊಂಡಿರುವ ಜಾಲವೊಂದು ಸಾರ್ವಜನಿಕರು ಕಂಡದ್ದರ ವಿವರಗಳನ್ನೂ ದಾಖಲಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಹಾರುವ ಡಾಲ್ಫಿನ್‌ನ ಸೊಗಸಾದ ಚಿತ್ರವಲ್ಲ. ಪಕ್ಕದಿಂದ ನೇರವಾಗಿ ತೆಗೆದ ರೆಕ್ಕೆ, ಸಾಧ್ಯವಾದರೆ ಎಡಬದಿಯದೊಂದು, ಬಲಬದಿಯದೊಂದು. ಜೊತೆಗೆ ದಿನಾಂಕ, ಹೊತ್ತು, ಎಷ್ಟು ಪ್ರಾಣಿಗಳು, ಎಷ್ಟು ಮರಿಗಳು, ದಂಡೆಯಿಂದ ಯಾವ ದಿಕ್ಕಿನಲ್ಲಿ, ಆಗ ಸುತ್ತ ಎಷ್ಟು ದೋಣಿಗಳಿದ್ದವು ಎಂಬ ವಿವರ.